ಅರವತ್ತರ ಕಡ್ಡಿ

ಹೊಸೂರು ಬಸ್‌ಸ್ಟ್ಯಾಂಡಿನ ಎದುರಿಗೆ
ಚಪ್ಪಲಿ ಅಂಗಡಿಗೂ ಮೊಬೈಲ್ ರಿಪೇರಿಗೂ ನಡುವೆ
ಇರುಕಿಕೊಂಡ ಬೊಕೆ ಅಂಗಡಿ.
ಅದರ ಮುಂದೆ ಬಸ್ಸಿಗೆ ಓಡಿದ್ದು ಎಷ್ಟು ಸಲವೋ,
ಮೆಟ್ಟಿಲು ಹತ್ತಿದ್ದು ಇದೇ ಮೊದಲು.

"ಎನ್ನ ವೇಣುಂ ಅಕ್ಕಾ?" ಅಂದ ಹುಡುಗ.
ಏನು ಬೇಕೆಂದು ಗೊತ್ತಿದ್ದರೆ
ಅರ್ಧ ದಿನದ ರಜೆ ಹಾಕಿ ಬರುತ್ತಿದ್ದೆನೆ?

ಪಿಳ್ಳಮ್ಮಕ್ಕನಿಗೆ ನಾಳೆ ಕೊನೇ ದಿನ.
ಬಾಗಲೂರು ದಾರಿಯ ಪ್ಲಾಸ್ಟಿಕ್ ಸೂರಿನ ಕೆಳಗೆ
ಇಪ್ಪತ್ತೆರಡು ವರ್ಷ
ಗುಲಾಬಿ ಕುಯ್ದು, ಮುಳ್ಳು ಸವರಿ, ಅಳೆದು,
ಇಪ್ಪತ್ತಿಪ್ಪತ್ತು ಕಟ್ಟಿದವಳು.
ಮ್ಯಾನೇಜರು ಗೋಡೆ ಗಡಿಯಾರ ಕೊಡುತ್ತಾರಂತೆ,
ಕೋಳಿಯನ್ನೇ ಎಬ್ಬಿಸುವವಳಿಗೆ!

ನಾವು ಹದಿನೆಂಟು ಹೆಂಗಸರು ಐವತ್ತೈವತ್ತು ಹಾಕಿದೆವು.
ಸೀರೆಯೆಂದರೆ ಬಣ್ಣಕ್ಕೆ ಜಗಳ, ಪಾತ್ರೆಯೆಂದರೆ ಸೊಸೆಯ ಪಾಲು.
ಕೆಲಮಂಗಲದ ಸರಸು ಕೇಳಿದಳು:
"ಹುಟ್ಟಿದಾಗಿನಿಂದ ಯಾರಾದರೂ
ಅವಳ ಕೈಗೆ ಹೂವು ಕೊಟ್ಟಿದ್ದಾರಾ?"
ಯಾರೂ ಮಾತಾಡಲಿಲ್ಲ.
ಕತ್ತರಿಗಳು ಮಾತ್ರ ಕಚಕ್ ಕಚಕ್ ಅಂದವು.

ಹುಡುಗ ಕೆಂಪು ತಾಜ್‌ಮಹಲ್ ಎತ್ತಿ ತೋರಿಸಿದ.
"ಫ್ರೆಶ್ ಅಕ್ಕಾ, ಬೆಳಿಗ್ಗೆ ಬಂದದ್ದು."
ಮೊಗ್ಗಿನ ಬುಡವನ್ನು ಎರಡು ಬೆರಳಲ್ಲಿ ಒತ್ತಿದೆ.
ಮೂರು ದಿನ ಕೋಲ್ಡ್‌ರೂಮಿನಲ್ಲಿ ಮಲಗಿದೆ ಇದು, ಕಂದ.
ರಫ್ತಿಗಾಗದೆ ಉಳಿದ ನಲವತ್ತರ ಕಡ್ಡಿ,
ಬಗ್ಗಿದ ಕುತ್ತಿಗೆಗೆ ತಂತಿ ಸುತ್ತಿ ನಿಲ್ಲಿಸಿದ್ದೀಯ.
ಬಾಯಿಬಿಟ್ಟು ಹೇಳಲಿಲ್ಲ.
ಅವನೂ ಯಾರದೋ ಸಂಬಳದವನು.

ಸುಗಂಧರಾಜ ಬೇಡ.
ಅವಳ ಗಂಡನ ಮೈಮೇಲೆ ಅದೇ ಇತ್ತು.
ಆವತ್ತು ಫೆಬ್ರವರಿ ಹನ್ನೊಂದು,
ಪ್ರೇಮಿಗಳ ದಿನದ ಆರ್ಡರು ತಲೆಮೇಲೆ,
ರಜೆ ಒಂದೇ ದಿನ ಕೊಟ್ಟರು.
ಜರ್ಬೆರಾ? ಮಕ್ಕಳು ಗೀಚಿದ ಹೂವಿನ ಹಾಗಿದೆ.

ಗುಲಾಬಿಯಂತೂ ಬೇಡವೇ ಬೇಡ ಅನ್ನಿಸಿತು.
ಔಷಧಿ ಹೊಡೆದ ದಿನದ ತಲೆನೋವು ಅದು,
ಆರು ವರ್ಷ ಕಳೆದ ಮೇಲೆ ಬಂದ ಕೈಗವಸು,
ಹೆಬ್ಬೆರಳೊಳಗೆ ಮುರಿದು ಅಲ್ಲೇ ಉಳಿದ ಮೊನೆ.
ಆದರೂ,
ಅವಳು ಕಟ್ಟಿದ ಕಟ್ಟೆಲ್ಲ ವಿಮಾನ ಹತ್ತಿತಲ್ಲ,
ಒಂದಾದರೂ ಅವಳ ಕಡೆಗೆ ತಿರುಗಿ ಬರಬಾರದೆ?

"ಅರವತ್ತರದ್ದು ಇದೆಯಾ?" ಅಂದೆ.
ಹುಡುಗ ಈಗ ನನ್ನ ಬೆರಳು ನೋಡಿದ.
ಮಾತಿಲ್ಲದೆ ಒಳಗೆ ಹೋಗಿ ಒಂದು ಡಜನ್ ತಂದ.
ಎಂಟುನೂರ ಐವತ್ತು. ಮಿನುಗು ಪುಡಿ ಬೇಡವೆಂದೆ.
ಕಾರ್ಡಿಗೆ ಹೆಸರು ಕೇಳಿದ:
ಅವನಿಗೆ ಕನ್ನಡ ಬರೆಯಲು ಬಾರದು,
ನನಗೆ ತಮಿಳು ಬಸ್ಸಿನ ಬೋರ್ಡು ಓದುವಷ್ಟು.
ಕಾರ್ಡು ಖಾಲಿಯೇ ಬಂತು ನಮ್ಮ ಜೊತೆ.

ಮಾರನೇ ದಿನ ಕೇಸರಿಬಾತು, ಗಡಿಯಾರ,
ಅರ್ಧ ತೆಲುಗಿನ ಅರ್ಧ ಇಂಗ್ಲಿಷಿನ ಭಾಷಣ.
ಬೊಕೆ ಕೈಗಿಟ್ಟೆ.
ಪಿಳ್ಳಮ್ಮಕ್ಕ ಮೂಸಲಿಲ್ಲ, ಎದೆಗೊತ್ತಲಿಲ್ಲ, ಅಳಲಿಲ್ಲ.
ಟೇಬಲ್ಲಿನ ಮೇಲೆ ಮಲಗಿಸಿ ರಿಬ್ಬನ್ ಬಿಚ್ಚಿದಳು,
ಒಂದೊಂದೇ ಕಡ್ಡಿಯನ್ನು ಅಳತೆಪಟ್ಟಿಗೆ ಹಿಡಿದಳು.
"ಅರವತ್ತು. ಅರವತ್ತು. ಇದು ಐವತ್ತೈದು, ಮೋಸ.
ಇವನು ನಾಳೆ ಸಂಜೆಗೆ ತಲೆ ಬಗ್ಗಿಸುತ್ತಾನೆ.
ಎಷ್ಟು ತೆತ್ತೆ ಮುನಿರತ್ನಾ?"
ಹೇಳಿದೆ.
"ಥೂ ನಿನ್ನ! ಎರಡು ದಿನದ ಕೂಲಿ!"
ಶೆಡ್ಡೇ ನಕ್ಕಿತು, ಮೊದಲು ಅವಳು.

ಆಮೇಲೆ, ನಗು ಇನ್ನೂ ಮುಗಿದಿರಲಿಲ್ಲ,
ಎಲ್ಲಕ್ಕಿಂತ ನೆಟ್ಟಗಿದ್ದ ಅರವತ್ತನ್ನೇ ಆರಿಸಿದಳು.
ಬೆರಳಗಲ ಕಮ್ಮಿಯಾಯಿತೆಂದು ಬೈಸಿಕೊಂಡಿದ್ದ ಅದೇ ಕೈ
ಹೂವಿನ ಕೆಳಗೆ ಎರಡೇ ಬೆರಳು ಬಿಟ್ಟು
ಪಟ್ಟನೆ ಮುರಿಯಿತು.
ಆ ಸದ್ದಿಗೆ ಸೂಪರ್‌ವೈಸರು ತಿರುಗಿ ನೋಡಿದ.
ಹೂವನ್ನು ತುರುಬಿಗೆ ಸಿಕ್ಕಿಸಿ
ಗಡಿಯಾರವನ್ನು ಕಂಕುಳಿಗೆ ಇರುಕಿಕೊಂಡು
ಅಕ್ಕ ಬಸ್ಸಿಗೆ ಹೊರಟಳು,
ಉಳಿದ ಹನ್ನೊಂದಕ್ಕೆ ನೀರು ಬದಲಿಸಲು ಹೇಳಿ.

ಟೇಬಲ್ಲಿನ ಮೇಲೆ ತಲೆಯಿಲ್ಲದ ಕಡ್ಡಿ ಬಿದ್ದಿತ್ತು.
ಸರಸು ಸುಮ್ಮನೆ ಪಟ್ಟಿಗೆ ಹಿಡಿದು ನೋಡಿದಳು.
ಐವತ್ತೆರಡು.